ಅಮೃತಹಸ್ತಕ್ಕಾಗಿ ಕಾದ ವರ್ಷ

ಕಳೆದ ತಿಂಗಳು ಬೋರಗಾಂವಕ್ಕೆ ಹೋಗಿದ್ದೆ, ನಮ್ಮ ಶಾಲೆಯ ಶಿಕ್ಷಕರೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ. ಹೋಳಿಗೆ ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆ. ಮಗ್ಗಗಳ ಓಣಿ ದಾಟುವಾಗ ಎಲ್ಲಿಂದಲೋ ಮಿಶ್ರಿ ಹುರಿಯುವ ವಾಸನೆ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಾಗುವ ತನಕ ಹುರಿದು, ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟುಕೊಂಡು, ಬೆಳಗಾದರೆ ತೋರುಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕಿಕೊಳ್ಳುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಮಿಶ್ರಿ ಅನ್ನುತ್ತಾರೆ. ನಿಪ್ಪಾಣಿಯ ಸುತ್ತಮುತ್ತ ಎಷ್ಟೋ ಹೆಂಗಸರಿಗೆ ಚಹಾಕ್ಕಿಂತ ಮೊದಲು ಅದು ಬೇಕು. ಹುರಿಯುವಾಗ ಪಕ್ಕದ ಮನೆಯವರಿಗೂ ಗಂಟಲು ಹಿಡಿಯುತ್ತದೆ, ಸೀನು ಬರುತ್ತದೆ. ನನಗೆ ಅವತ್ತು ಸೀನು ಬರಲಿಲ್ಲ, ಸಿಟ್ಟು ಬಂತು.

ನಮ್ಮ ಅವ್ವನೂ ಮಿಶ್ರಿ ಹಚ್ಚುವವಳೇ. ರಾಯಬಾಗದ ಹತ್ತಿರದ ನಮ್ಮ ಊರಲ್ಲಿ, ಬುದ್ಧವಿಹಾರದ ಹಿಂದಿನ ಮನೆಯಲ್ಲಿ, ಕಬ್ಬಿನ ಕೆಲಸಕ್ಕೆ ಹೊರಡುವ ಮೊದಲು ಕಟ್ಟೆಯ ಮೇಲೆ ಕೂತು ತಿಕ್ಕಿಕೊಳ್ಳುತ್ತಿದ್ದಳು. ಆಗ ಯಾರೂ ಅವಳನ್ನು ಮಾತಾಡಿಸುವ ಹಾಗಿರಲಿಲ್ಲ. ದಿನವಿಡೀ ದುಡಿಯುವವಳಿಗೆ ತನ್ನದು ಅಂತ ಇದ್ದದ್ದು ಅದೊಂದೇ ಹೊತ್ತು. ಹಾಗಾಗಿ ಮಿಶ್ರಿ ಹಚ್ಚುವ ಹೆಂಗಸರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಬೇರೆಯವರ ಮೇಲೆ, ಇಷ್ಟು ವರ್ಷವಾದರೂ ಅದು ಆರಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಒಂದು ವರ್ಷ ಸಮಾಜಸೇವೆಯಲ್ಲಿದ್ದೆ. ನಗಬೇಡಿ, ನೇಮಕಾತಿ ಪತ್ರದಲ್ಲಿ ಹಾಗೇ ಬರೆದಿತ್ತು. ಎಂ.ಎ. ಮುಗಿಸಿ ಮನೆಯಲ್ಲಿ ಕೂತವಳಿಗೆ ನಿಪ್ಪಾಣಿಯ ಒಂದು ಆರೋಗ್ಯ ಟ್ರಸ್ಟಿನಲ್ಲಿ ಕೆಲಸ ಸಿಕ್ಕಿತು. ಟ್ರಸ್ಟಿನ ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನೂ ಬ್ಯಾನರು ಮಾಡಿ ಕಟ್ಟಿಯಾರು. ಅದರ ಅಧ್ಯಕ್ಷರು ತಂಬಾಕಿನ ದೊಡ್ಡ ವ್ಯಾಪಾರಿ. ತಾಯಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಅವರ ನೆನಪಿಗೆ ಟ್ರಸ್ಟು. ತಂಬಾಕಿನ ಗೋದಾಮಿನವರೇ ತಂಬಾಕಿನ ರೋಗಕ್ಕೆ ಸೇವೆ ಮಾಡುತ್ತಾರಲ್ಲ ಎಂದು ಮೊದಲ ದಿನ ನನಗೆ ನಗು ಬಂದಿತ್ತು. ಆದರೆ ನಿಪ್ಪಾಣಿಯಲ್ಲಿ ಇದಕ್ಕೆ ಯಾರೂ ನಗುವುದಿಲ್ಲ. ಅಲ್ಲಿ ಮನೆ ಕಟ್ಟಿದ್ದೂ ತಂಬಾಕಿನಿಂದ, ಮಗಳ ಮದುವೆ ಮಾಡಿದ್ದೂ ತಂಬಾಕಿನಿಂದ, ಸತ್ತವರ ಹೆಸರಿನಲ್ಲಿ ದಾನ ಕೊಡುವುದೂ ಅದರಿಂದಲೇ. ಅಧ್ಯಕ್ಷರು ಕೆಟ್ಟವರೂ ಅಲ್ಲ. ತಾಯಿಯ ಹೆಸರು ಎತ್ತಿದರೆ ಸಾಕು, ನಿಜವಾಗಿಯೂ ಕಣ್ಣೀರು ಹಾಕುತ್ತಿದ್ದರು. ಅಳುವವರೆಲ್ಲ ಒಳ್ಳೆಯವರು ಎಂದು ಆಗ ನಾನು ನಂಬಿದ್ದೆ.

ಟ್ರಸ್ಟಿಗೆ ಒಂದು ಬಿಳಿಯ ವ್ಯಾನು ಇತ್ತು. ಅದರ ಒಂದು ಬದಿಗೆ ತಾಯಿಯ ಫೋಟೋ, ಇನ್ನೊಂದು ಬದಿಗೆ ಅಧ್ಯಕ್ಷರದು. ಅದರಲ್ಲಿ ನಾನು, ಮ್ಯಾನೇಜರ್ ಸುಭಾಷ ಮತ್ತು ಆ ದಿನ ಸಿಕ್ಕ ಡಾಕ್ಟರು ಊರೂರಿಗೆ ಹೋಗಿ ಬಾಯಿ ತಪಾಸಣೆಯ ಶಿಬಿರ ನಡೆಸುತ್ತಿದ್ದೆವು. ಸುಭಾಷ ಚುರುಕಿನ ಮನುಷ್ಯ. ಶಿಬಿರಕ್ಕೆ ಬೇಕಾದ ಔಷಧಿ ಮರೆತು ಬಂದಾನು, ಬ್ಯಾನರು ಮರೆತು ಬಂದದ್ದು ನಾನು ನೋಡಿಲ್ಲ.

ಬೋರಗಾಂವದ ಶಿಬಿರ ನಡೆದದ್ದು ಆಷಾಢದ ಜಿಟಿಜಿಟಿ ಮಳೆಯಲ್ಲಿ, ಶಾಲೆಯ ಒಂದು ಕೋಣೆಯಲ್ಲಿ. ಹೊರಗೆ ಕೊಡೆಗಳ ರಾಶಿ, ಒಳಗೆ ಒದ್ದೆ ಸೀರೆಗಳ ವಾಸನೆ. ಡಾಕ್ಟರು ದಕ್ಷಿಣದ ಕಡೆಯ ಹುಡುಗ. ಬಂದವರನ್ನೆಲ್ಲ ತಂಬಾಕು ತಿನ್ನುತ್ತೀರಾ ಎಂದು ಕೇಳುತ್ತಿದ್ದ. ಗಂಡಸರು ತಲೆ ಕೆರೆದುಕೊಂಡು ಹೂಂ ಅನ್ನುತ್ತಿದ್ದರು. ಹೆಂಗಸರು ಇಲ್ಲ ಅನ್ನುತ್ತಿದ್ದರು, ಅವನು ಬಾಯಿಯೊಳಗೆ ಸುಮ್ಮನೆ ಒಮ್ಮೆ ಇಣುಕಿ ಕಳಿಸುತ್ತಿದ್ದ. ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಕಡೆ ತಂಬಾಕು ಅಂದರೆ ಗಂಡಸರು ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುವ ವಸ್ತು. ಮಿಶ್ರಿ ಹಲ್ಲಿನ ಪುಡಿ. ನಮ್ಮ ಅವ್ವನನ್ನು ಕೇಳಿದ್ದರೂ ಇಲ್ಲ ಅಂತಲೇ ಅನ್ನುತ್ತಿದ್ದಳು. ಅದು ಹೊಳೆದ ಮೇಲೆ ನಾನು ಬಾಗಿಲಲ್ಲಿ ಕೂತು ಬೇರೆ ಥರ ಕೇಳಲು ಶುರು ಮಾಡಿದೆ.

ಸರದಿಯಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ನಿಂತಿದ್ದಳು. ಹೆಸರು ಅಕ್ಕಾತಾಯಿ. ಮಗ್ಗದ ಶೆಡ್ಡಿನಲ್ಲಿ ಕಾಂಡಿಗೆ ನೂಲು ಸುತ್ತುವ ಕೆಲಸ. ನಮ್ಮ ಅವ್ವನ ವಯಸ್ಸಿನವಳಾದ್ದರಿಂದ ಮಾವಶಿ ಎಂದೇ ಕರೆದೆ.

"ಮಾವಶಿ, ತಂಬಾಕ ತಿಂತೀರೇನ್ರಿ?"

"ಛೀ, ಇಲ್ರಿ ಅಕ್ಕಾರ. ನಮ್ಮ ಮನ್ಯಾಗ ಯಾರೂ ತಿನ್ನಂಗಿಲ್ಲ."

"ಮಿಶ್ರಿ?"

"ಅದು ಹಚ್ಚತೀನ್ರಿ. ಅದೇನ ತಂಬಾಕ ಅಲ್ಲಲ್ಲ."

"ಬಾಯಾಗ ಹುಣ್ಣ ಗಿಣ್ಣ ಐತೇನು?"

"ಗಲ್ಲದ ಒಳಗ ಒಂದ್ ಐತ್ರಿ, ಬ್ಯಾಸಗಿಂದ. ಖಾರ ಹತ್ತಿದ್ರ ಉರೀತೈತಿ. ಅದರ ಸಲುವಾಗೇ ಈಗ ಮಿಶ್ರಿ ಒಂದೀಟ ಹೆಚ್ಚಿಗಿ ಹಚ್ಚತೀನಿ. ಹಚ್ಚಿದ್ರ ಜುಮ್ ಅಂದು ತಣ್ಣಗಾಗತೈತ್ರಿ."

ಕೈ ಹಿಡಿದು ಡಾಕ್ಟರ ಮುಂದೆ ಕರೆದುಕೊಂಡು ಹೋದೆ. ಅವನು ಈ ಸಲ ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಅದೇ ವಾರ ಆಕೆಯನ್ನು ವ್ಯಾನಿನಲ್ಲಿ ಬೆಳಗಾವಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಜೊತೆಗೆ ಮಗಳು ರೇಖಾ ಇದ್ದಳು, ಪಿಯುಸಿ ಓದುತ್ತಿದ್ದ ಹುಡುಗಿ. ಗಲ್ಲದಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಮತ್ತೆ ಹೋದಾಗ ಸರ್ಜನರು ಕನ್ನಡ ಮರಾಠಿ ಬೆರೆಸಿ ನಿಧಾನವಾಗಿ ತಿಳಿಸಿ ಹೇಳಿದರು. ಕ್ಯಾನ್ಸರ್ ಹೌದು. ಆದರೆ ಬೇಗ ಸಿಕ್ಕಿದೆ, ಇನ್ನೂ ಗಲ್ಲದಲ್ಲೇ ಇದೆ. ಕುತ್ತಿಗೆಗೆ ಇಳಿಯುವ ಮೊದಲು ತೆಗೆದರೆ ಈ ತಾಯಿ ಮೊಮ್ಮಕ್ಕಳನ್ನು ಆಡಿಸುತ್ತಾಳೆ. ತಡ ಮಾಡಬೇಡಿ.

"ಖರೇನ್ರಿ? ಆರಾಮ ಆಗತೈತಿ?" ಎಂದು ಅಕ್ಕಾತಾಯಿ ನನ್ನನ್ನು ಕೇಳಿದಳು.

"ಖರೇರಿ ಮಾವಶಿ. ಡಾಕ್ಟರ ಹೇಳಾಕತ್ತಾರಲ್ಲ."

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಆಕೆ ನಕ್ಕಳು. ಮಿಶ್ರಿಯಿಂದ ಹಲ್ಲು ಕಪ್ಪಾಗಿದೆ ಎಂದು ಯಾವಾಗಲೂ ಸೆರಗಿನ ಹಿಂದೆ ಇರುತ್ತಿದ್ದ ಬಾಯಿ ಅದು. ಅವತ್ತು ಸೆರಗು ಜಾರಿದ್ದೂ ಗೊತ್ತಾಗದ ಹಾಗೆ ನಕ್ಕಳು. ಸುಭಾಷ ಅಲ್ಲೇ ಇದ್ದ. ಮೊಬೈಲು ಎತ್ತಿ ಫೋಟೋ ತೆಗೆದ. ಕೇಸಿಗೆ ಒಂದು ಫೋಟೋ ಬೇಕಾಗುತ್ತದೆ ಅಂದ.

ಆಪರೇಷನ್ನಿನ ಖರ್ಚು ಕಾಂಡಿ ಸುತ್ತುವವಳಿಗೂ ನನ್ನಂಥವಳಿಗೂ ಎಟುಕುವಂಥದ್ದಲ್ಲ. ಸರಕಾರದ ಯೋಜನೆಯಲ್ಲಿ ಆಗಬೇಕಿತ್ತು, ಆದರೆ ಆಕೆಯ ರೇಷನ್ ಕಾರ್ಡು ರಾಜ್ಯದ ಗಡಿಯ ಆಚೆಗಿತ್ತು. ಆಕೆಯನ್ನು ಕೊಟ್ಟದ್ದು ಕಾಗಲದ ಕಡೆಗೆ. ಗಂಡ ತೀರಿಕೊಂಡ ಮೇಲೆ ಸಣ್ಣ ರೇಖಾಳನ್ನು ಎತ್ತಿಕೊಂಡು ಬೋರಗಾಂವದ ತವರಿಗೆ ಬಂದವಳು, ಕಾರ್ಡು ಅಲ್ಲೇ ಉಳಿದಿತ್ತು. ಈಚೆಯವರು ನಿಮ್ಮ ಹೆಸರು ಆಚೆ ಇದೆ ಅಂದರು. ಆಚೆಯವರು ನೀವು ಇಲ್ಲಿ ವಾಸವೇ ಇಲ್ಲವಲ್ಲ ಅಂದರು. ನಾನು ಎರಡೂ ಕಡೆ ಓಡಾಡಿದೆ. ಗಡಿಯ ಊರಿನವರಿಗೆ ಎರಡು ಭಾಷೆ ಬರುತ್ತವೆ, ಎರಡು ಸರಕಾರಗಳಲ್ಲಿ ಒಂದೂ ಸಿಗುವುದಿಲ್ಲ.

ಹಾಗಾಗಿ ಉಳಿದದ್ದು ನಮ್ಮ ಟ್ರಸ್ಟು. ಅಧ್ಯಕ್ಷರ ಮುಂದೆ ಹೋಗಿ ಎಲ್ಲ ಹೇಳಿದೆ. ಅವರು ತಾಯಿಯ ಫೋಟೋದ ಕಡೆ ನೋಡಿದರು, ಕಣ್ಣು ಒರೆಸಿಕೊಂಡರು.

"ಪೂರಾ ಖರ್ಚ ನಮ್ಮ ಟ್ರಸ್ಟ ನೋಡಕೊಳ್ಳತೈತಿ, ಸುನಂದಾ. ಆ ತಾಯೀಗ ಹೇಳು, ಹೆದರಬ್ಯಾಡ ಅಂತ."

ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಸುಭಾಷನ ಕಡೆ ತಿರುಗಿದರು.

"ಚಿಕ್ಕೋಡಿಯಾಗ ಒಂದ ಕಾರ್ಯಕ್ರಮ ಇಟಗೊಳ್ಳೂಣು. ಸಾಹೇಬರ ಹಸ್ತದಿಂದ ಕೊಡಸೂಣು."

ನಮ್ಮಲ್ಲಿ ಯಾವುದನ್ನೂ ಸುಮ್ಮನೆ ಕೊಡುವುದಿಲ್ಲ. ಮುದುಕರಿಗೆ ಕನ್ನಡಕ ಕೊಡಲಿ, ಅಂಗವಿಕಲರಿಗೆ ಗಾಲಿಕುರ್ಚಿ ಕೊಡಲಿ, ಮಕ್ಕಳಿಗೆ ನೋಟ್‌ಬುಕ್ಕು ಕೊಡಲಿ, ಅದು ಯಾರದಾದರೂ ಅಮೃತಹಸ್ತದಿಂದಲೇ ಆಗಬೇಕು. ಕೊಡುವ ವಸ್ತು ಸಿದ್ಧವಿರುತ್ತದೆ, ತೆಗೆದುಕೊಳ್ಳುವವರು ಸಿದ್ಧವಿರುತ್ತಾರೆ, ಕೈ ಬರುವ ತನಕ ಎಲ್ಲರೂ ಕಾಯುತ್ತಾರೆ. ಇದು ತಪ್ಪು ಎಂದು ಯಾರಿಗೂ ಅನ್ನಿಸುವುದಿಲ್ಲ, ನನಗೂ ಅಲ್ಲಿಯ ತನಕ ಅನ್ನಿಸಿರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ನನಗೆ ಸೈಕಲ್ಲೂ ಹಾಗೇ ಸಿಕ್ಕಿತ್ತು, ವೇದಿಕೆಯ ಮೇಲೆ, ಬಿಸಿಲಲ್ಲಿ ಅರ್ಧ ದಿನ ನಿಂತ ಮೇಲೆ. ಆದರೆ ಸೈಕಲ್ಲು ಕಾಯುತ್ತದೆ.

ಸಾಹೇಬರು ಯಾರು ಎಂಬುದು ಬೇಡ. ಟ್ರಸ್ಟಿಗೆ ಸ್ವಂತ ಆಸ್ಪತ್ರೆ ಕಟ್ಟುವ ಆಸೆ ಇತ್ತು, ಅದಕ್ಕೆ ಜಾಗ ಬೇಕಿತ್ತು, ಆ ಜಾಗ ಸಿಗುವುದು ಸಾಹೇಬರ ಒಂದು ಮಾತಿನಿಂದ ಎಂದಷ್ಟೇ ತಿಳಿದರೆ ಸಾಕು. ಅವರು ಬರುವ ವಾರ ಎಂದು ಹೇಳಿದ್ದರು. ಆ ಧೈರ್ಯದ ಮೇಲೆ ಸುಭಾಷ ಬ್ಯಾನರು ಮಾಡಿಸಿದ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಕ್ಕ ಅಕ್ಕಾತಾಯಿಯ ಮುಖ, ಆಳೆತ್ತರ. ಕೆಳಗೆ ದೊಡ್ಡ ಅಕ್ಷರದಲ್ಲಿ: ನಮ್ಮ ಟ್ರಸ್ಟಿನ ನೆರವಿನಿಂದ ಮರುಜೀವ ಪಡೆದ ತಾಯಿ. ನಿಪ್ಪಾಣಿಯಿಂದ ಚಿಕ್ಕೋಡಿಯ ತನಕ ಸರ್ಕಲ್ಲಿಗೊಂದು ಕಟ್ಟಿಸಿದ.

"ಇನ್ನೂ ಆಪರೇಷನ್ನೇ ಆಗಿಲ್ಲಲ್ರಿ ಸುಭಾಷಣ್ಣ," ಅಂದೆ.

"ಆಗತೈತಲ್ಲ ಮೇಡಂ. ಆದಮ್ಯಾಲ ಮತ್ತ ಬ್ಯಾರೆ ಪ್ರಿಂಟ್ ಹಾಕಸೂದ್ಯಾಕ?"

ಆ ವಾರ ಕೃಷ್ಣೆ ದಡ ಬಿಟ್ಟಿತು. ಅಂಕಲಿಯ ಕಡೆ ಹೊಲಗಳಲ್ಲೆಲ್ಲ ನೀರು ನಿಂತಿತು, ನದಿಯ ಆಚೀಚೆಯ ಊರುಗಳಿಗೆ ಬಸ್ಸು ನಿಂತವು. ಸಾಹೇಬರು ನೆರೆ ನೋಡಲು ಹೋದರು, ನಮ್ಮ ವ್ಯಾನು ಬಿಸ್ಕೀಟು ಹಂಚಲು ಹೋಯಿತು. ಕಾರ್ಯಕ್ರಮ ಮುಂದಕ್ಕೆ ಹೋಯಿತು. ಇದಕ್ಕೆ ಯಾರನ್ನೂ ಬೈಯಲಾರೆ, ನೀರಿಗೆ ಯಾರೇನು ಮಾಡುತ್ತಾರೆ. ನೀರು ಇಳಿದ ಮೇಲೆ ಗಣಪತಿ ಬಂತು. ಗಣಪತಿಯ ದಿನಗಳಲ್ಲಿ ಸಾಹೇಬರಿಗೆ ಮಂಡಳ ಮಂಡಳಕ್ಕೆ ಆರತಿಗೆ ಹೋಗುವುದಿರುತ್ತದೆ. ಅದು ಮುಗಿಯುವಷ್ಟರಲ್ಲಿ ಯಾವುದೋ ಚುನಾವಣೆಯ ನೀತಿಸಂಹಿತೆ ಬಂತು, ವೇದಿಕೆ ಹತ್ತುವ ಹಾಗಿಲ್ಲ. ಪ್ರತಿ ಸಲವೂ ಸುಭಾಷ ಬ್ಯಾನರಿನ ತಾರೀಖಿನ ಮೇಲೆ ಹೊಸ ಕಾಗದ ಅಂಟಿಸಿ ಬರುತ್ತಿದ್ದ. ಮೇಲೆ ಆ ನಗು ಹಾಗೇ ಇರುತ್ತಿತ್ತು.

ನಾನು ಬೋರಗಾಂವಕ್ಕೆ ಹೋಗುತ್ತಿದ್ದೆ, ಹೇಳಲು ಏನೂ ಇಲ್ಲದಿದ್ದರೂ. ಆಕೆಯ ಮನೆ ಮಗ್ಗದ ಶೆಡ್ಡಿಗೆ ಅಂಟಿಕೊಂಡಿತ್ತು. ಮಗ್ಗಗಳ ಖಟಾಖಟ್ ಸದ್ದಿನಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಮಾತಾಡಬೇಕು. ಶ್ರಾವಣದಲ್ಲಿ ಆಕೆ ರೊಟ್ಟಿ ತಿನ್ನುತ್ತಿದ್ದಳು. ದಸರೆಯ ಹೊತ್ತಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಬೇಕಾಯಿತು. ದೀಪಾವಳಿಗೆ ಬರೀ ಅಂಬಲಿ. ಬಾಯಿ ತೆರೆಯಲು ಬರುತ್ತಿರಲಿಲ್ಲ.

"ಮಿಶ್ರಿ ಬಿಡ್ರಿ ಮಾವಶಿ, ಕೈಮುಗಿದ ಹೇಳತೀನಿ," ಅಂದೆ ಒಮ್ಮೆ.

"ಬ್ಯಾನಿ ತಡಿಯಾಕ ಅದ ಒಂದ ಐತ್ರಿ ಅಕ್ಕಾರ. ನೀವ್ ಕೊಟ್ಟ ಗುಳಿಗಿಗಿ ಕೇಳವಲ್ದು. ಆಪರೇಷನ್ ಆದ ದಿನಾನ ಡಬ್ಬಿ ತಿಪ್ಪಿಗಿ ಒಗಿತೀನಿ. ಎಂದ ಐತ್ರಿ?"

ಯಾವತ್ತು ಎಂದು ನನಗೆ ಗೊತ್ತಿದ್ದರೆ ತಾನೇ? ಸಾಹೇಬರು ಬರತಾರ ಅಂದೆ. "ದೊಡ್ಡ ಮಂದಿ, ಮಾತ ಕೊಟ್ಟಾರ, ತಪ್ಪಂಗಿಲ್ರಿ," ಎಂದು ಆಕೆಯೇ ನನಗೆ ಸಮಾಧಾನ ಹೇಳಿದಳು. ಹಿಂದೆ ಕೂತಿದ್ದ ರೇಖಾ ಹಿಡಿದಿದ್ದ ಪುಸ್ತಕ ಮುಚ್ಚಿಟ್ಟಳು.

ನಾನು ಸುಭಾಷನನ್ನು ಹಿಡಿದು ಕೇಳಿದೆ. ಆಸ್ಪತ್ರೆಗೆ ಈಗಲೇ ಪತ್ರ ಕೊಡೋಣ, ಆಪರೇಷನ್ ಮುಗಿಯಲಿ, ಸಾಹೇಬರು ಬಂದಾಗ ವೇದಿಕೆಯ ಮೇಲೆ ಸತ್ಕಾರ ಮಾಡಿದರಾಯಿತು, ಆಗ ಮರುಜೀವ ಎಂಬ ಮಾತೂ ನಿಜ ಆಗುತ್ತದೆ. ಅವನು ನನ್ನನ್ನು ಬುದ್ಧಿಯಿಲ್ಲದವಳನ್ನು ನೋಡುವ ಹಾಗೆ ನೋಡಿದ.

"ಆಪರೇಷನ್ ಆದಮ್ಯಾಲ ಗಲ್ಲ ಹ್ಯಾಂಗ ಆಗತೈತಿ ಗೊತ್ತೈತೇನ್ರಿ ಮೇಡಂ? ಬ್ಯಾನರನ್ಯಾಗ ಒಂದ ಮುಖ, ಸ್ಟೇಜ್ ಮ್ಯಾಲ ಒಂದ ಮುಖ ಆಗತೈತಿ. ಮಂದಿ ಏನ ಅಂತಾರ?"

ಅಧ್ಯಕ್ಷರ ಬಳಿಗೇ ಹೋದೆ. ಅವರು ಬೈಯಲಿಲ್ಲ. ಚಹಾ ತರಿಸಿದರು. ಮಗಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಮಾತಾಡಿದರು.

"ನೋಡ ಸುನಂದಾ, ಈಗ ಕೊಟ್ರ ಒಂದ ಜೀವ ಉಳೀತೈತಿ. ಸಾಹೇಬರು ಬಂದು, ಆ ತಾಯೀನ ಕಣ್ಣಾರೆ ನೋಡಿ, ಜಾಗಾ ಕೊಟ್ರ ಆಸ್ಪತ್ರಿ ಆಗತೈತಿ. ಸಾವಿರ ಜೀವ ಉಳೀತಾವು. ನಮ್ಮ ಅವ್ವಗ ಆಗ ಇಲ್ಲೊಂದ ಆಸ್ಪತ್ರಿ ಇದ್ದಿದ್ರ..."

ಮತ್ತೆ ಅತ್ತರು. ಆ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಹೇಳಲು ಅವತ್ತು ನನಗೆ ಬಾಯಿ ಬರಲಿಲ್ಲ. ಈಗ ಬರುತ್ತದೆ. ಸಾವಿರ ಜೀವದ ಹೆಸರು ಹೇಳುವವರು ಮೊದಲು ಎದುರಿಗಿರುವ ಒಂದನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ.

ಕಾಗವಾಡದ ಕಡೆ ಇನ್ನೊಂದು ಸೇವಾ ಸಂಸ್ಥೆ ಇದೆ ಎಂದು ಕೇಳಿ ಅಲ್ಲಿಗೂ ಹೋದೆ. ನಿವೃತ್ತ ಮಾಸ್ತರರೊಬ್ಬರು ನಡೆಸುತ್ತಿದ್ದರು. ಅಕ್ಕಾತಾಯಿಯ ಆಸ್ಪತ್ರೆಯ ಕಾಗದದ ಜೊತೆಗಿದ್ದ ಫೋಟೋ ನೋಡಿದ್ದೇ ಅವರ ಮುಖ ಅರಳಿತು.

"ಈ ತಾಯೀನ ಚಿಕ್ಕೋಡಿ ಸರ್ಕಲ್‌ನ್ಯಾಗ ನೋಡೇನಲ್ಲವಾ! ಆರಾಮ ಆಗ್ಯಾರಲ್ಲ?"

ಆಗಿಲ್ಲ ಅಂದೆ. ಎಲ್ಲ ಬಿಡಿಸಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ತಂಗಿ, ಅವರು ಹೆಸರ ಹಾಕಿದ ಪೇಷಂಟ್‌ಗೆ ನಾವು ಕೈ ಹಾಕಿದ್ರ ದೊಡ್ಡ ಜಗಳಾ ಆಗತೈತಿ. ಅವರ ಕಡಿಂದ ಒಂದ ಪತ್ರ ತಗೊಂಡ ಬಾ. ನಾಳೆನ ಮಾಡಸತೀನಿ."

ನಮ್ಮಿಂದ ಆಗಲಿಲ್ಲ ಎಂದು ಬರೆದುಕೊಡುವ ಟ್ರಸ್ಟು ಎಲ್ಲಿದೆ? ಸುಭಾಷ ಪತ್ರ ಕೊಡಲಿಲ್ಲ, ಕೇಳಿದ್ದಕ್ಕೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಬೋರಗಾಂವದಲ್ಲಿ ಮಗ್ಗದವರು ತಮ್ಮ ತಮ್ಮಲ್ಲೇ ಪಟ್ಟಿ ಎತ್ತಿ ದುಡ್ಡು ಕೂಡಿಸಿ ಕೊಡಬೇಕು ಎಂದು ಮೊದಲು ಮಾತಾಡಿಕೊಂಡಿದ್ದರಂತೆ. ಬ್ಯಾನರು ನೋಡಿದ ಮೇಲೆ ಸುಮ್ಮನಾದರು. ಟ್ರಸ್ಟಿನವರು ಎಲ್ಲ ಕೊಟ್ಟಾರಲ್ಲ ಎಂದು ಅಕ್ಕಾತಾಯಿಯ ಎದುರಿಗೇ ಕೆಲವರು ಹೊಟ್ಟೆಕಿಚ್ಚು ಪಟ್ಟರು. ಆಕೆ ಇಲ್ಲ ಅನ್ನಲಿಲ್ಲ. ಇಲ್ಲ ಅಂದರೆ ದೊಡ್ಡ ಮಂದಿಯ ಮಾತಿಗೆ ಕುಂದು ಎಂದುಕೊಂಡಳು. ಆ ಬ್ಯಾನರು ಕಟ್ಟಿದ ದಿನವೇ ಆಕೆಗೆ ಸಿಗಬಹುದಾದ ಬೇರೆ ದಾರಿಗಳೆಲ್ಲ ಮುಚ್ಚಿಹೋಗಿದ್ದವು.

ಚುನಾವಣೆ ಮುಗಿದ ಮೇಲೆ ಕಬ್ಬಿನ ಹಂಗಾಮು. ಸಕ್ಕರೆ ಕಾರ್ಖಾನೆಯಿಂದ ಕಾರ್ಖಾನೆಗೆ ಪೂಜೆ ಮಾಡಲು ಸಾಹೇಬರ ಓಡಾಟ. ಕೊನೆಗೆ ಚಳಿ ಬಿದ್ದ ಮೇಲೆ, ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದಿನಗಳಲ್ಲಿ, ತಾರೀಖು ಸಿಕ್ಕಿತು.

ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯ, ಮದುವೆಗಳಿಗೆ ಬಾಡಿಗೆ ಕೊಡುವಂಥದ್ದು. ಅಕ್ಕಾತಾಯಿ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ರೇಖಾಳ ಜೊತೆ ಬಂದಳು. ಸೆರಗು ಕಿವಿಯ ತನಕ ಸುತ್ತಿಕೊಂಡಿದ್ದಳು. ದವಡೆಯ ಕೆಳಗೆ ಗಂಟು ಎದ್ದಿತ್ತು. ಅದನ್ನು ನೋಡಿದ ಕೂಡಲೇ ನನಗೆ ಸರ್ಜನರ ಮಾತು ನೆನಪಾಯಿತು: ಕುತ್ತಿಗೆಗೆ ಇಳಿಯುವ ಮೊದಲು. ಸಾಹೇಬರು ಬರುವುದು ಬಹಳ ತಡವಾಯಿತು. ಬಂದ ಮೇಲೆ ಅವರ ತಲೆಗೆ ಫೇಟಾ ಕಟ್ಟಿದರು, ಹಾರ ಹಾಕಿದರು, ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ. ಅಧ್ಯಕ್ಷರು ತಾಯಿಯನ್ನು ನೆನೆದು ಅತ್ತರು, ಸಭೆಯಲ್ಲೂ ಕೆಲವರು ಅತ್ತರು. ಆಮೇಲೆ ಅಕ್ಕಾತಾಯಿಯನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು. ಬಣ್ಣದ ಕಾಗದ ಸುತ್ತಿದ ಬುಟ್ಟಿಯಲ್ಲಿ ಸೇಬು, ದಾಳಿಂಬೆ ಕೊಟ್ಟರು. ಬಾಯಿ ತೆರೆಯಲು ಬಾರದವಳಿಗೆ ಹಣ್ಣಿನ ಬುಟ್ಟಿ! ಒಬ್ಬರಿಗೂ ಅದು ಹೊಳೆಯಲಿಲ್ಲ. ಕೊನೆಗೆ ಹಲಗೆಯಷ್ಟು ದೊಡ್ಡ ರಟ್ಟಿನ ಚೆಕ್ಕು ಬಂತು. ಒಂದು ತುದಿಗೆ ಸಾಹೇಬರು, ಇನ್ನೊಂದು ತುದಿಗೆ ಆಕೆ.

ಫೋಟೋದವನು ಕೆಳಗಿನಿಂದ ಕೂಗಿದ. "ಮಾವಶಿ, ಸೆರಗ ತಗೀರಿ. ಬ್ಯಾನರನ್ಯಾಗ ನಕ್ಕೀರಲ್ಲ, ಹಂಗ ನಗ್ರಿ."

ಆಕೆ ನನ್ನ ಕಡೆ ನೋಡಿದಳು. ಬೇಡ ಎಂದು ತಲೆ ಅಲ್ಲಾಡಿಸಿದೆ. ಸುಭಾಷ ಹಿಂದಿನಿಂದ ಮೆಲ್ಲಗೆ ಸೆರಗು ಸರಿಸಿದ. ಮುಂದಿನ ಸಾಲಿನ ಹೆಂಗಸರು ಅಯ್ಯಯ್ಯೋ ಅಂದರು. ಬೆನ್ನ ಹಿಂದಿನ ದೊಡ್ಡ ಬ್ಯಾನರಿನಲ್ಲಿ ನಗುತ್ತಿದ್ದವಳೂ ಮುಂದೆ ನಿಂತವಳೂ ಒಬ್ಬಳೇ ಎಂದು ಹೇಳಿದರೂ ನಂಬುವ ಹಾಗಿರಲಿಲ್ಲ. ಸಾಹೇಬರು ಮುಖ ಆಚೆ ತಿರುಗಿಸಿ ಚೆಕ್ಕನ್ನು ಸ್ವಲ್ಪ ಮೇಲಕ್ಕೆ ಎತ್ತಿದರು, ಆಕೆಯ ಗಲ್ಲ ಮುಚ್ಚುವಷ್ಟು. ಮರುದಿನದ ಪೇಪರಿನಲ್ಲಿ ಬಂದದ್ದು ಆ ಫೋಟೋನೇ. ಚೆಕ್ಕಿನ ಅಂಚಿನ ಮೇಲೆ ಆಕೆಯ ಎರಡು ಕಣ್ಣಷ್ಟೇ ಕಾಣುತ್ತಿದ್ದವು.

ವಾಪಸ್ಸು ಬಸ್ಸಿನಲ್ಲಿ ನಾನೇ ಅವರ ಜೊತೆ ಬೋರಗಾಂವದ ತನಕ ಹೋದೆ. ಅಕ್ಕಾತಾಯಿ ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ ಹಲ್ಲುಗಳ ಸಂದಿಯಿಂದಲೇ ಹೇಳಿದಳು.

"ಸಾಹೇಬರ ಕೈ ಭಾಳ ಮೆತ್ತಗ ಇತ್ರಿ ಅಕ್ಕಾರ."

ಎರಡು ದಿನದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಈ ಸಲ ಕೈಯಲ್ಲಿ ಮಂಜೂರಾತಿ ಪತ್ರ ಇತ್ತು. ಸರ್ಜನರು ಆಕೆಯ ಕುತ್ತಿಗೆ ಮುಟ್ಟಿ ನೋಡಿದರು. ನನ್ನನ್ನು ಹೊರಗೆ ಕರೆದರು. "ನಾನು ಯಾವಾಗ ಹೇಳಿದ್ದೆ ನಿಮಗೆ? ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಕೇಳಿದರು. ಹಾರ, ಫೇಟಾ, ಗಣಪತಿ, ಚುನಾವಣೆ, ಇವನ್ನೆಲ್ಲ ಅವರಿಗೆ ಹೇಗೆ ಹೇಳುವುದು? ಇನ್ನು ಕತ್ತಿ ಹಿಡಿದು ಉಪಯೋಗವಿಲ್ಲ, ನೋವು ಕಡಿಮೆ ಮಾಡುವುದಷ್ಟೇ ಅಂದರು. ಕರೆಂಟು ಕೊಟ್ಟರು, ರೇಡಿಯೇಶನ್ನಿಗೆ ನಮ್ಮ ಕಡೆ ಹಾಗನ್ನುತ್ತಾರೆ. ಆಕೆ ಆ ವರ್ಷದ ಯುಗಾದಿ ನೋಡಲಿಲ್ಲ.

ಸುದ್ದಿ ಬಂದ ದಿನ ಟ್ರಸ್ಟಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಸಂಜೆಯ ಹೊತ್ತಿಗೆ ಬೋರಗಾಂವದ ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರು ಬಂತು: ಭಾವಪೂರ್ಣ ಶ್ರದ್ಧಾಂಜಲಿ. ಅದೇ ನಗು. ಕೆಳಗೆ ಟ್ರಸ್ಟಿನ ಹೆಸರು, ಅಧ್ಯಕ್ಷರ ಫೋಟೋ. ನಾನು ಮರುದಿನವೇ ಕೆಲಸ ಬಿಟ್ಟೆ. ಬಿಡುವಾಗ ಸುಭಾಷನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಕೇಳಿಸಿಕೊಂಡ, ಆಮೇಲೆ ಐಡಿ ಕಾರ್ಡು ವಾಪಸ್ಸು ಇಸಿದುಕೊಂಡ. ಟ್ರಸ್ಟಿಗೆ ಜಾಗ ಸಿಕ್ಕಿತು. ಅಲ್ಲಿ ಈಗ ಒಂದು ಮಂಗಲ ಕಾರ್ಯಾಲಯ ಇದೆ. ಅದರ ಬಾಡಿಗೆಯಿಂದ ಆಸ್ಪತ್ರೆ ಕಟ್ಟುತ್ತಾರಂತೆ.

ಇದೆಲ್ಲ ಮಿಶ್ರಿಯ ವಾಸನೆ ಬಂದ ಆ ಓಣಿಯಲ್ಲಿ ನಿಂತಾಗ ಒಟ್ಟಿಗೇ ನೆನಪಾಯಿತು. ಬಸ್ಸಿಗೆ ಹೊತ್ತಾಗುತ್ತಿತ್ತು, ಆದರೂ ವಾಸನೆ ಬಂದ ಕಡೆ ನಡೆದೆ. ಬಾಗಿಲು ತೆರೆದಿತ್ತು. ಒಲೆಯ ಮುಂದೆ ಕೂತು ಹಂಚಿನ ಮೇಲೆ ಎಲೆ ಆಡಿಸುತ್ತಿದ್ದವಳು ತಲೆ ಎತ್ತಿದಳು. ರೇಖಾ. ಓದು ಅಲ್ಲಿಗೇ ನಿಂತಿತ್ತಂತೆ, ಅದೇ ಓಣಿಯ ಮಗ್ಗದ ಹುಡುಗನಿಗೆ ಕೊಟ್ಟಿದ್ದರು.

"ಅಕ್ಕಾರ! ಬರ್ರಿ, ಒಳಗ ಬರ್ರಿ," ಎಂದು ಚಾಪೆ ಹಾಸಿದಳು.

ಗೋಡೆಯ ಮೇಲೆ ಚೌಕಟ್ಟಿನಲ್ಲಿ ಅಕ್ಕಾತಾಯಿ ನಗುತ್ತಿದ್ದಳು, ಪ್ಲಾಸ್ಟಿಕ್ ಹೂವಿನ ಹಾರ. ಹತ್ತಿರ ಹೋಗಿ ನೋಡಿದೆ. ಬ್ಯಾನರಿನ ಮುಖದಷ್ಟನ್ನೇ ಕತ್ತರಿಸಿ ಕಟ್ಟಿಸಿದ್ದಳು.

"ಬ್ಯಾರೆ ಫೋಟೋ ಇರಲಿಲ್ರಿ," ಅಂದಳು ರೇಖಾ. "ಅವ್ವ ಹಲ್ಲ ಬಿಟ್ಟು ನಕ್ಕಿದ್ದ ಅದೊಂದ ಸಲ."

ಹಂಚಿನ ಕಡೆ ಕೈ ತೋರಿಸಿದೆ. "ಇದು ಯಾರಿಗೆ?"

"ಅತ್ತಿಗ್ರಿ." ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದು, "ನಾನೂ ಒಂದೀಟ ಹಚ್ಚತೀನಿ. ಶೆಡ್ಡಿನ್ಯಾಗ ತೂಕಡಿಕಿ ಬರತೈತ್ರಿ."

"ಗೊತ್ತಿದ್ದೂ ಗೊತ್ತಿದ್ದೂ, ರೇಖಾ?"

ಅವಳು ಹಂಚಿನ ಮೇಲಿನ ಎಲೆ ತಿರುವಿ ಹಾಕಿದಳು. ಎಡಗಲ್ಲವನ್ನು ಒಳಗಿನಿಂದ ನಾಲಿಗೆಯಲ್ಲಿ ಒತ್ತುತ್ತಿದ್ದಳು. ಅವಳ ತಾಯಿಯೂ ಮೊದಮೊದಲು ಹಾಗೇ ಮಾಡುತ್ತಿದ್ದಳು.

"ಬಾಯಿ ತೋರಸು ಒಮ್ಮೆ."

"ಏನಿಲ್ರಿ ಅಕ್ಕಾರ."

"ಏನಿಲ್ಲ ಅಂದ್ರ ತೋರಸು. ನಾನು ಈಗ ಯಾವ ಟ್ರಸ್ಟಿನಾಕಿನೂ ಅಲ್ಲ, ಸಾಲಿಯೊಳಗ ಕ್ಲಾರ್ಕ್ ಅದೀನಿ. ನಿನ್ನ ಅಕ್ಕ ಅಂತ ತಿಳಕೊಂಡ ತೋರಸು."

ಅವಳು ಒಮ್ಮೆ ಗೋಡೆಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. ಆಮೇಲೆ ಹತ್ತಿರ ಸರಿದು ಕೂತು ಮೆಲ್ಲಗೆ ಬಾಯಿ ತೆರೆದಳು. ಒಳಗೆ ಕತ್ತಲೆ, ಏನೂ ಕಾಣಲಿಲ್ಲ. ಟಾರ್ಚು ಹಾಕೋಣ ಎಂದು ನಾನು ಚೀಲದಿಂದ ಮೊಬೈಲು ತೆಗೆದು ಅವಳ ಮುಖದ ಮುಂದೆ ಹಿಡಿದೆ.

ಅವಳ ಬಾಯಿ ಪಟ್ಟನೆ ಮುಚ್ಚಿತು. ಕೈ ತಾನಾಗಿ ಸೆರಗಿಗೆ ಹೋಯಿತು.

"ಟಾರ್ಚ್ ಐತಿ ರೇಖಾ. ಫೋಟೋ ಅಲ್ಲ, ನೋಡಿಲ್ಲಿ, ಬರೇ ಟಾರ್ಚ್."

"ಹೌದ್ರಿ," ಅಂದಳು ಸೆರಗಿನ ಹಿಂದಿನಿಂದ.

ಮೊಬೈಲು ಚೀಲಕ್ಕೆ ಹಾಕಿದೆ. ಬಾಗಿಲಿಗೆ ಬಾ, ಬಿಸಿಲಿಗೆ ನೋಡುತ್ತೇನೆ ಅಂದೆ. ಬೆಳಗಾವಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಯಾರಿಗೂ ಹೇಳುವುದಿಲ್ಲ ಅಂದೆ. ಅವಳು ಎಲ್ಲದಕ್ಕೂ ಹೌದ್ರಿ ಅಂದಳು, ಚಹಾ ಮಾಡಿಕೊಟ್ಟಳು, ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿದಳು. ಬಾಯಿ ಮಾತ್ರ ತೆರೆಯಲಿಲ್ಲ.